ಪವರ್ ಬ್ಯಾಂಕ್: ಕೊಳ್ಳುವ ಮುಂಚೆ ತೂಗಿ ನೋಡಿ

ಶಿರಸಿಯ ದೇವಿಕೆರೆ ಹತ್ತಿರ ನನ್ನ ಮೊಬೈಲ್ ರಿಪೇರಿ ಅಂಗಡಿ. ಮೇ ಕೊನೆಯ ವಾರ ಬಂತೆಂದರೆ ಹುಲೇಕಲ್, ವಾನಳ್ಳಿ, ಸಾಲ್ಕಣಿ ಕಡೆಯ ಜನ ಮಳೆಗಾಲದ ಸಾಮಾನಿಗೆ ಪೇಟೆಗೆ ಇಳಿಯುತ್ತಾರೆ. ಕೊಡೆ, ಪ್ಲಾಸ್ಟಿಕ್ ಹಾಳೆ, ಟಾರ್ಚು, ಸೊಳ್ಳೆಬತ್ತಿ. ಆ ಪಟ್ಟಿಗೆ ಕೆಲವು ವರ್ಷಗಳಿಂದ ಪವರ್ ಬ್ಯಾಂಕೂ ಸೇರಿದೆ. 2020ರ ಲಾಕ್‌ಡೌನಿನಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಕೊಡೆ ಹಿಡಿದು ಕೂತು ಪಾಠ ಕೇಳಿದರಲ್ಲ, ಆಗಿನಿಂದ ನಮ್ಮ ಕಡೆ ಅದು ಮನೆಬಳಕೆಯ ವಸ್ತುವಾಯಿತು. ಗಾಳಿಗೆ ಮರ ಬಿದ್ದು ಕಂಬ ಮುರಿದರೆ ಒಳಗಿನ ಹಳ್ಳಿಗೆ ಕರೆಂಟು ಬರುವುದು ಎರಡು ಮೂರು ದಿನಕ್ಕೆ. ಲೈನ್‌ಮನ್‌ಗಳು ಮಳೆಯಲ್ಲಿ ನೆಂದುಕೊಂಡು ಕಾಡಿನಲ್ಲಿ ತಂತಿ ಎಳೆಯುತ್ತಾರೆ, ಆದರೂ ಅಷ್ಟು ಹೊತ್ತು ಬೇಕೇ ಬೇಕು. ಆ ಹೊತ್ತಿನಲ್ಲಿ ಫೋನು ಸತ್ತರೆ ಬೆಂಗಳೂರಿನಲ್ಲಿರುವ ಮಗನಿಗೆ ಗಾಬರಿ, ಮನೆಯಲ್ಲಿರುವ ತಾಯಿಗೆ ಸಂಕಟ. ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಜೀಪಿಗೆ ಹೇಳಿಕಳಿಸಲು ದಾರಿಯಿಲ್ಲ. ಹಾಗಾಗಿ ಇದನ್ನು ಆರಿಸಿಕೊಳ್ಳುವ ವಿಷಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಎಷ್ಟು ಎಂಎಎಚ್‌ದು ಇದ್ದು?" ಎಂಎಎಚ್ ಎಂದರೆ ಮಿಲಿಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಎಂಬ ಅಳತೆ. ಹತ್ತು ಸಾವಿರ, ಇಪ್ಪತ್ತು ಸಾವಿರ, ಆನ್‌ಲೈನಿನಲ್ಲಿ ಐವತ್ತು ಸಾವಿರದ್ದೂ ಕಂಡಿದೆ ಎನ್ನುತ್ತಾರೆ. ಕೆಲವರು ಹೊರಗೆಲ್ಲೋ ಕೊಂಡದ್ದನ್ನೇ ತಂದು "ಇದು ಹೇಗೆ?" ಎಂದು ಕೇಳುತ್ತಾರೆ. ನಾನು ಅದನ್ನು ತೆಗೆದುಕೊಂಡು ಮೊದಲು ಮಾಡುವ ಕೆಲಸ, ಕೌಂಟರಿನ ಮೇಲಿರುವ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಇಡುವುದು. ಯಾಲಕ್ಕಿ, ಕಾಳುಮೆಣಸು ತೂಗುವಂಥ ತಕ್ಕಡಿ ಅದು. ಪವರ್ ಬ್ಯಾಂಕಿನ ಡಬ್ಬಿ ಸುಳ್ಳು ಹೇಳಬಹುದು, ಗ್ರಾಂ ಲೆಕ್ಕ ಅಷ್ಟು ಸುಲಭವಾಗಿ ಹೇಳುವುದಿಲ್ಲ.

ಯಾಕೆಂದರೆ ಒಳಗಿರುವುದು ಲಿಥಿಯಂ ಅಯಾನ್ ಸೆಲ್. 1991ರಲ್ಲಿ ಸೋನಿ ಕಂಪನಿ ಇದನ್ನು ಮೊದಲು ಮಾರುಕಟ್ಟೆಗೆ ತಂದಿತು. ಇದಕ್ಕೆ ತಳಹದಿ ಹಾಕಿದ ಜಾನ್ ಗುಡ್‌ಇನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಅಕಿರಾ ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಇಷ್ಟು ವರ್ಷ ಸುಧಾರಿಸಿದ ಮೇಲೂ ಒಂದು ಕಿಲೋ ತೂಕದ ಒಳ್ಳೆಯ ಸೆಲ್‌ಗಳಲ್ಲಿ ಸುಮಾರು 250 ವ್ಯಾಟ್ ಅವರ್ ವಿದ್ಯುತ್ತು ಹಿಡಿಯುತ್ತದೆ. ಸ್ವಲ್ಪ ಆಚೀಚೆ ಇರಬಹುದು, ದುಪ್ಪಟ್ಟಂತೂ ಆಗುವುದಿಲ್ಲ. ಸೆಲ್‌ನ 3.7 ವೋಲ್ಟ್ ಲೆಕ್ಕದಲ್ಲಿ ಹತ್ತು ಸಾವಿರ ಎಂಎಎಚ್ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್ ಅವರ್ ಇರಬೇಕು. ಅದಕ್ಕೆ ಸೆಲ್‌ಗಳೇ 150 ಗ್ರಾಂ ಸುತ್ತಮುತ್ತ ಬೇಕು. ಮೇಲೆ ಬೋರ್ಡು, ಕವಚ ಸೇರಿದರೆ 180ರಿಂದ 250 ಗ್ರಾಂ. ಇಪ್ಪತ್ತು ಸಾವಿರದ್ದಾದರೆ 350ರಿಂದ 450 ಗ್ರಾಂ. ನಿಜಕ್ಕೂ ಇಪ್ಪತ್ತು ಸಾವಿರ ಹಿಡಿದು 160 ಗ್ರಾಂ ತೂಗುವ ಪವರ್ ಬ್ಯಾಂಕ್ ಭೂಮಿಯ ಮೇಲೆ ಸದ್ಯಕ್ಕೆ ಇಲ್ಲ. ತೂಕ ಕಡಿಮೆ ಬಂದರೆ ಮುಂದಿನ ಪರೀಕ್ಷೆಯೇ ಬೇಡ, ವಾಪಸ್ ಕೊಡಿ.

ತೂಕ ಸರಿಯಾಗಿ ಬಂದ ಮಾತ್ರಕ್ಕೆ ಮಾಲು ಒಳ್ಳೆಯದು ಎಂದೂ ತಿಳಿಯಬೇಡಿ. ಸಿದ್ದಾಪುರದ ಕಡೆಯವರೊಬ್ಬರು ಜಾತ್ರೆಯಲ್ಲಿ ಆರುನೂರು ರೂಪಾಯಿಗೆ ಕೊಂಡ, ಐವತ್ತು ಸಾವಿರ ಎಂಎಎಚ್ ಎಂದು ಚಿನ್ನದ ಅಕ್ಷರದಲ್ಲಿ ಬರೆದಿದ್ದ ಒಂದನ್ನು ತಂದರು. ಫೋನು ಅರ್ಧ ತುಂಬುವುದರೊಳಗೆ ದೀಪ ಆರುತ್ತದೆ ಎಂಬುದು ಅವರ ದೂರು. ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದೆ. ನೀಲಿ ಪ್ಲಾಸ್ಟಿಕ್ ಸುತ್ತಿದ ನಾಲ್ಕು ಉರುಟು ಸೆಲ್ ಸಾಲಾಗಿ ಕೂತಿದ್ದವು. ಎರಡಕ್ಕೆ ಮಾತ್ರ ನಿಕ್ಕಲ್ ಪಟ್ಟಿ ಬೆಸೆದಿತ್ತು, ಇನ್ನೆರಡಕ್ಕೆ ತಂತಿಯೇ ಇರಲಿಲ್ಲ. ಒಂದನ್ನು ಅಲ್ಲಾಡಿಸಿದರೆ ಒಳಗೆ ಸರಸರ ಸದ್ದು. ಮೇಲಿನ ಪ್ಲಾಸ್ಟಿಕ್ ಕೊಯ್ದಾಗ ಕಾಗದದ ಮೇಲೆ ಸುರಿದದ್ದು ಮರಳು. ಬೆಸೆದಿದ್ದ ಎರಡು ಸೆಲ್‌ಗಳ ತುದಿಯಲ್ಲಿ ಹಳೆಯ ಸ್ಪಾಟ್ ವೆಲ್ಡಿಂಗಿನ ಚುಕ್ಕೆಗಳು ಕಾಣುತ್ತಿದ್ದವು. ಅಂದರೆ ಯಾವುದೋ ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಕಿತ್ತು, ಹೊಸ ನೀಲಿ ಹೊದಿಕೆ ಹಾಕಿದ ಸೆಲ್‌ಗಳು. ಅಳೆದು ನೋಡಿದರೆ ಎರಡೂ ಸೇರಿ ಎರಡು ಸಾವಿರ ಎಂಎಎಚ್ ಕೂಡ ಇರಲಿಲ್ಲ. ಬೋರ್ಡಿನ ಮೇಲೆ ಒಂದೇ ಒಂದು ಚಿಪ್, ಬಿಸಿಯಾದರೆ ತಡೆಯುವ ಸೆನ್ಸರ್ ಇಲ್ಲ. ದುಡ್ಡು ಹೋದದ್ದಕ್ಕಿಂತ ಅದನ್ನು ಮಗುವಿನ ಹಾಸಿಗೆಯ ಪಕ್ಕ ಇಟ್ಟು ಚಾರ್ಜ್ ಮಾಡುತ್ತಿದ್ದರು ಎಂಬುದೇ ನನ್ನನ್ನು ಹೆಚ್ಚು ಹೆದರಿಸಿತು.

ಆ ಉರುಟು ಸೆಲ್‌ಗಳ ವಿಷಯ ಸ್ವಲ್ಪ ಹೇಳಬೇಕು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅದಕ್ಕೇ ಅವನ್ನು 18650 ಎಂದು ಕರೆಯುತ್ತಾರೆ. ಒಂದೊಂದೂ 45ರಿಂದ 50 ಗ್ರಾಂ. ಅತ್ಯುತ್ತಮ ಕಂಪನಿಯದ್ದಾದರೂ ಒಂದರಲ್ಲಿ ಸುಮಾರು 3,500 ಎಂಎಎಚ್‌ಗಿಂತ ಹೆಚ್ಚು ಹಿಡಿಯುವುದಿಲ್ಲ. ಹಾಗಾಗಿ ಐವತ್ತು ಸಾವಿರಕ್ಕೆ ಹದಿನಾಲ್ಕು ಹದಿನೈದು ಸೆಲ್ ಬೇಕು, ಸೆಲ್‌ಗಳ ತೂಕವೇ ಮುಕ್ಕಾಲು ಕಿಲೋ. ಅಂಗೈಯಲ್ಲಿ ಹಿಡಿಸುವ ಡಬ್ಬಿಯಲ್ಲಿ ಅದು ಎಲ್ಲಿ ಕೂರಬೇಕು? ಈಗ ಹೆಚ್ಚಿನ ತೆಳ್ಳಗಿನ ಪವರ್ ಬ್ಯಾಂಕ್‌ಗಳಲ್ಲಿ ಇರುವುದು ಚಪ್ಪಟೆ ಚೀಲದಂಥ ಲಿಥಿಯಂ ಪಾಲಿಮರ್ ಸೆಲ್. ಎರಡೂ ಒಳ್ಳೆಯವೇ. ಪಾಲಿಮರ್ ತೆಳ್ಳಗಿರುತ್ತದೆ, ಹಳತಾದಾಗ ಊದಿಕೊಂಡು ಸೂಚನೆ ಕೊಡುತ್ತದೆ. ಉರುಟಿನದ್ದು ಲೋಹದ ಕವಚದಲ್ಲಿರುವುದರಿಂದ ಬಿದ್ದರೆ ತಾಳಿಕೊಳ್ಳುತ್ತದೆ. ಇದರ ಮೇಲೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ತಲೆ ಕೆಡಿಸಿಕೊಳ್ಳಬೇಕಾದದ್ದು ಲೆಕ್ಕದ ಮೇಲೆ. "ಹತ್ತು ಸಾವಿರದ್ದು ತಗಂಡೆ, ನನ್ನ ಫೋನು ಐದು ಸಾವಿರದ್ದು. ಎರಡು ಸಲ ತುಂಬಬೇಕಲ್ಲ, ಒಂದೂವರೆ ಸಲಕ್ಕೇ ಮುಗೀತಲ್ಲ ಮಾರಾಯ್ರೆ" ಎಂದು ಜಗಳಕ್ಕೆ ಬರುವವರಿದ್ದಾರೆ. ಅವರು ಮೋಸ ಹೋಗಿಲ್ಲ. ಡಬ್ಬಿಯ ಮೇಲಿನ ಹತ್ತು ಸಾವಿರ ಒಳಗಿನ ಸೆಲ್‌ನ ಲೆಕ್ಕ, ಅಂದರೆ 3.7 ವೋಲ್ಟ್‌ನಲ್ಲಿ. ಹೊರಗೆ ಕೇಬಲ್ಲಿನಲ್ಲಿ ಬರುವುದು 5 ವೋಲ್ಟ್, ಕೆಲವೊಮ್ಮೆ 9 ವೋಲ್ಟ್. ವೋಲ್ಟೇಜ್ ಏರಿಸುವಾಗ ಎಂಎಎಚ್ ಇಳಿಯುತ್ತದೆ, ಜೊತೆಗೆ ನೂರಕ್ಕೆ ಹತ್ತರಿಂದ ಇಪ್ಪತ್ತು ಪಾಲು ಬಿಸಿಯಾಗಿ ಹೋಗುತ್ತದೆ. ನಮ್ಮ ಅಡಿಕೆ ಬೆಳೆಗಾರರಿಗೆ ನಾನು ಹೇಳುವುದು ಹೀಗೆ: ಡಬ್ಬಿಯ ಮೇಲೆ ಬರೆದದ್ದು ಹಸಿ ಅಡಿಕೆಯ ತೂಕ, ನಿಮ್ಮ ಫೋನಿಗೆ ಸಿಗುವುದು ಒಣಗಿಸಿ ಸುಲಿದ ಚಾಲಿಯ ತೂಕ. ಅವರಿಗೆ ತಕ್ಷಣ ಅರ್ಥವಾಗುತ್ತದೆ.

ಆ ಚಾಲಿಯ ತೂಕವನ್ನೂ ಪ್ರಾಮಾಣಿಕ ಕಂಪನಿಗಳು ಬರೆದಿರುತ್ತವೆ, ಆದರೆ ಹಿಂಬದಿಯಲ್ಲಿ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರದಲ್ಲಿ. ರೇಟೆಡ್ ಕೆಪಾಸಿಟಿ ಎಂದು ಇರುತ್ತದೆ. ಹತ್ತು ಸಾವಿರದ್ದರ ಹಿಂದೆ 5 ವೋಲ್ಟ್‌ನಲ್ಲಿ 5,500ರಿಂದ 6,500 ಎಂಎಎಚ್ ಎಂದು ಕಂಡರೆ ಸರಿಯಾದ ಮಾಲು. ಅದೇ ಜಾಗದಲ್ಲಿ ವ್ಯಾಟ್ ಅವರ್ ಕೂಡ ಇರುತ್ತದೆ. ಹತ್ತು ಸಾವಿರಕ್ಕೆ 37, ಇಪ್ಪತ್ತು ಸಾವಿರಕ್ಕೆ 74. ಈ ಎರಡು ಸಾಲು ಇಲ್ಲದ ಪವರ್ ಬ್ಯಾಂಕನ್ನು ನಾನು ಅಂಗಡಿಯಲ್ಲಿ ಇಡುವುದಿಲ್ಲ. ಐದು ಸಾವಿರ ಎಂಎಎಚ್ ಫೋನಿನ ಬ್ಯಾಟರಿ ಸುಮಾರು 19 ವ್ಯಾಟ್ ಅವರ್‌ನದ್ದು. 37ರಲ್ಲಿ ಕೇಬಲ್ಲಿನ ತುದಿಗೆ 30, 32 ಬರುತ್ತದೆ. ಫೋನಿನೊಳಗೂ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಒಂದೂವರೆ ಸಲ ತುಂಬಿದರೆ ನಿಮಗೆ ಪೂರ್ತಿ ನ್ಯಾಯ ಸಿಕ್ಕಿದೆ ಎಂದೇ ಅರ್ಥ.

ಟ್ಯಾಬ್ಲೆಟ್ ಇರುವವರು ಇನ್ನೊಂದು ಲೆಕ್ಕ ಹಾಕಬೇಕು. ಸಾಮಾನ್ಯವಾಗಿ ಮನೆಗಳಲ್ಲಿರುವ ಟ್ಯಾಬ್‌ಗಳ ಬ್ಯಾಟರಿ ಏಳೆಂಟು ಸಾವಿರ ಎಂಎಎಚ್, ಹತ್ತಿರ ಹತ್ತಿರ 30 ವ್ಯಾಟ್ ಅವರ್. ಹತ್ತು ಸಾವಿರದ ಪವರ್ ಬ್ಯಾಂಕ್ ಅದನ್ನು ಒಂದು ಸಲ ತುಂಬಿಸುವಷ್ಟರಲ್ಲಿ ಖಾಲಿ. ಅದಕ್ಕಿಂತ ಮುಖ್ಯವಾದದ್ದು ವೇಗ. ಹಳೆಯ ಮಾದರಿಯ ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್, 2 ಆಂಪಿಯರ್, ಅಂದರೆ 10 ವ್ಯಾಟ್. ಪರದೆ ಪೂರ್ತಿ ಬೆಳಗಿಸಿಕೊಂಡು ವಿಡಿಯೋ ಪಾಠ ನಡೆಯುತ್ತಿದ್ದರೆ ಟ್ಯಾಬೇ ಐದಾರು ವ್ಯಾಟ್ ತಿನ್ನುತ್ತದೆ. ಉಳಿದ ನಾಲ್ಕರಲ್ಲಿ ಬ್ಯಾಟರಿ ತುಂಬುವುದು ಯಾವಾಗ? ಟ್ಯಾಬಿಗೆ ಬೇಕಾದದ್ದು ಟೈಪ್ ಸಿ ಪೋರ್ಟಿನಲ್ಲಿ ಪವರ್ ಡೆಲಿವರಿ ಇರುವ, ಕನಿಷ್ಠ 20 ವ್ಯಾಟ್, ಸಾಧ್ಯವಾದರೆ 30 ವ್ಯಾಟ್ ಕೊಡುವಂಥದ್ದು. ಅದನ್ನು ಪಿಡಿ ಎಂದು ಬರೆದಿರುತ್ತಾರೆ. ಪವರ್ ಬ್ಯಾಂಕೂ ಟ್ಯಾಬೂ ಪರಸ್ಪರ ಕೇಳಿ ತಿಳಿದುಕೊಂಡು 5 ವೋಲ್ಟೋ 9 ವೋಲ್ಟೋ 15 ವೋಲ್ಟೋ ಎಂದು ನಿರ್ಧರಿಸುವ ಏರ್ಪಾಡು ಅದು. ಟ್ಯಾಬಿಗೆ ಇಪ್ಪತ್ತು ಸಾವಿರದ್ದೇ ಆಗಲಿ ಎನ್ನುವುದು ನನ್ನ ಅಭಿಪ್ರಾಯ.

ಫೋನಿನ ವಿಷಯದಲ್ಲಿ ವ್ಯಾಟ್ ನೋಡಿ ಮೋಸ ಹೋಗುವವರು ಬಹಳ. ಫೋನಿನ ಡಬ್ಬಿಯಲ್ಲಿ 67 ವ್ಯಾಟ್, 80 ವ್ಯಾಟ್ ಎಂದಿರುತ್ತದೆ. ಅದು ಆ ಕಂಪನಿಯ ಸ್ವಂತ ಚಾರ್ಜರು, ಸ್ವಂತ ಕೇಬಲ್ಲು ಸೇರಿದಾಗ ಸಿಗುವ ವೇಗ. ಬೇರೆ ಪವರ್ ಬ್ಯಾಂಕಿಗೆ ಜೋಡಿಸಿದರೆ ಅದೇ ಫೋನು 18, 20 ವ್ಯಾಟ್‌ಗೆ ಇಳಿಯುತ್ತದೆ, ಕೆಲವು 10ಕ್ಕೂ ಇಳಿಯುತ್ತವೆ. ದುಬಾರಿ ಪವರ್ ಬ್ಯಾಂಕ್ ಕೊಂಡರೂ ಅಷ್ಟೇ. ಮತ್ತೆ, ಎರಡು ಮೂರು ಪೋರ್ಟ್ ಇದ್ದರೆ ಒಂದಕ್ಕೇ ಜೋಡಿಸಿದಾಗಿನ ವೇಗ ಎರಡಕ್ಕೂ ಜೋಡಿಸಿದಾಗ ಇರುವುದಿಲ್ಲ. ಅಗ್ಗದ ಮಾದರಿಗಳಲ್ಲಿ ಎರಡನೆಯ ಕೇಬಲ್ ಸಿಕ್ಕಿಸಿದ ಕ್ಷಣ ಎರಡೂ ನಿಧಾನವಾಗುತ್ತವೆ.

ಆದರೆ ನಮ್ಮ ಮಲೆನಾಡಿನವರಿಗೆ ಇದೆಲ್ಲಕ್ಕಿಂತ ದೊಡ್ಡದಾದ, ಯಾರೂ ಕೇಳದ ಒಂದು ಪ್ರಶ್ನೆ ಇದೆ: ಈ ಪವರ್ ಬ್ಯಾಂಕ್ ತಾನು ತುಂಬಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ? ಜಾಹೀರಾತಿನವರು ಹೊರಗೆ ಕೊಡುವ ವೇಗವನ್ನೇ ಸಾರುತ್ತಾರೆ, ಒಳಗೆ ತುಂಬುವ ವೇಗ ಹಿಂಬದಿಯ ಇನ್‌ಪುಟ್ ಎಂಬ ಸಾಲಿನಲ್ಲಿ ಅಡಗಿರುತ್ತದೆ. ಆಷಾಢದಲ್ಲಿ ನಮ್ಮ ಹಳ್ಳಿಗಳಿಗೆ ಕರೆಂಟು ಬಂದರೆ ಮಧ್ಯಾಹ್ನ ಎರಡು ತಾಸು. ಇನ್‌ಪುಟ್ 5 ವೋಲ್ಟ್ 2 ಆಂಪಿಯರ್ ಇದ್ದರೆ ಗಂಟೆಗೆ 10 ವ್ಯಾಟ್ ಅವರ್. ಇಪ್ಪತ್ತು ಸಾವಿರದ್ದು ಖಾಲಿಯಿಂದ ತುಂಬಲು ಒಂಬತ್ತು ಹತ್ತು ತಾಸು ಬೇಕು. ಎರಡು ತಾಸಿನಲ್ಲಿ ತುಂಬಿಕೊಂಡದ್ದು ಒಂದು ಫೋನಿಗೂ ಸಾಲದು. ಅದೇ ಇನ್‌ಪುಟ್ 18 ವ್ಯಾಟ್ ಇದ್ದರೆ ಅಷ್ಟೇ ಹೊತ್ತಿನಲ್ಲಿ ಒಂದೂವರೆ ಫೋನಿನಷ್ಟು ಒಳಗೆ ಬರುತ್ತದೆ, 30 ವ್ಯಾಟ್ ಇದ್ದರೆ ಎರಡು ಫೋನಿಗೆ ಧಾರಾಳ. ಹತ್ತು ತಾಸು ಸಿಗುವ ಬೆಂಗಳೂರಿನವರಿಗೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಸಾಲ್ಕಣಿಯವರಿಗೆ ಇದೇ ಎಲ್ಲ.

ವೇಗವಾಗಿ ತುಂಬಬೇಕೆಂದರೆ ಗೋಡೆಗೆ ಸಿಕ್ಕಿಸುವ ಚಾರ್ಜರೂ ಸರಿಯಾಗಿರಬೇಕು. ಫೋನಿನ ಜೊತೆ ಬಂದ 67 ವ್ಯಾಟ್ ಚಾರ್ಜರು ತನ್ನ ಫೋನಿಗೆ ಮಾತ್ರ ಓಡುತ್ತದೆ, ಪವರ್ ಬ್ಯಾಂಕಿಗೆ ಎಷ್ಟೋ ಸಲ 10 ವ್ಯಾಟ್ ಕೊಟ್ಟು ಸುಮ್ಮನಾಗುತ್ತದೆ. ಪಿಡಿ ಎಂದು ಬರೆದಿರುವ ಒಂದು ಚಾರ್ಜರು, ಎರಡೂ ತುದಿಯಲ್ಲಿ ಟೈಪ್ ಸಿ ಇರುವ ಒಂದು ಕೇಬಲ್ಲು, ಇವೆರಡನ್ನೂ ಪವರ್ ಬ್ಯಾಂಕಿನ ಜೊತೆಗೇ ತೆಗೆದುಕೊಳ್ಳಿ. ಡಬ್ಬಿಯೊಳಗೆ ಬರುವ ಗೇಣುದ್ದದ ಕೇಬಲ್ಲಿನಲ್ಲಿ ತಾಮ್ರ ಕಡಿಮೆ. ಹಳೆಯ ಮೈಕ್ರೋ ಯುಎಸ್‌ಬಿಯಲ್ಲಿ ತುಂಬಿಸುವ ಮಾದರಿ ಅಗ್ಗಕ್ಕೆ ಸಿಕ್ಕರೂ ಬೇಡ. ಆ ಪೋರ್ಟು ಬಹಳ ಬೇಗ ಸಡಿಲವಾಗುತ್ತದೆ, ನನ್ನ ಮೇಜಿಗೆ ರಿಪೇರಿಗೆ ಬರುವ ಪವರ್ ಬ್ಯಾಂಕ್‌ಗಳಲ್ಲಿ ಹೆಚ್ಚಿನವು ಅವೇ. ಕೇಬಲ್ಲು ಮೈಗೇ ಅಂಟಿಕೊಂಡು ಬರುವ ಹೊಸ ಮಾದರಿಗಳು ಪ್ರಯಾಣಕ್ಕೆ ಅನುಕೂಲ, ಆದರೆ ಆ ಕೇಬಲ್ಲು ಬುಡದಲ್ಲಿ ಮುರಿದರೆ ಇಡೀ ಕವಚ ಬಿಚ್ಚಬೇಕು. ಅಂಥದ್ದು ಕೊಳ್ಳುವುದಾದರೆ ಬೇರೆ ಪೋರ್ಟೂ ಇದೆಯೇ ನೋಡಿಕೊಳ್ಳಿ.

ಟ್ಯಾಬ್ ಇಲ್ಲದ ಮನೆಗೆ ಇಪ್ಪತ್ತು ಸಾವಿರದ ಒಂದು ಒಳ್ಳೆಯದೋ, ಹತ್ತು ಸಾವಿರದ ಎರಡು ಒಳ್ಳೆಯದೋ? ಎರಡು ಹತ್ತು ಸಾವಿರದ್ದು ಎನ್ನುತ್ತೇನೆ ನಾನು. ಎರಡನ್ನೂ ಎರಡು ಪ್ಲಗ್ಗಿಗೆ ಹಾಕಿದರೆ ಆ ಎರಡು ತಾಸಿನಲ್ಲಿ ದುಪ್ಪಟ್ಟು ತುಂಬುತ್ತದೆ. ಒಂದು ಮನೆಯಲ್ಲಿರುತ್ತದೆ, ಇನ್ನೊಂದು ತೋಟಕ್ಕೋ ಆಸ್ಪತ್ರೆಗೋ ಹೋದವರ ಕೈಯಲ್ಲಿ. ಒಂದು ಕೆಟ್ಟರೆ ಇನ್ನೊಂದಿದೆ. ಕಿಸೆಯಲ್ಲೂ ಕೂರುತ್ತದೆ. ನಂಬಬಹುದಾದ ಹತ್ತು ಸಾವಿರದ್ದಕ್ಕೆ ಸಾವಿರದಿಂದ ಸಾವಿರದೈನೂರು ರೂಪಾಯಿ ಇಟ್ಟುಕೊಳ್ಳಿ. ಅದರ ಅರ್ಧಕ್ಕೆ ಸಿಗುವುದನ್ನು ಅನುಮಾನದಿಂದಲೇ ನೋಡಿ. ನಮ್ಮ ಅಂಗಡಿಗೆ ಬರುವ ಹಿರಿಯ ಅಮ್ಮ ಒಬ್ಬರು, "ತಮಾ, ನಂಗೆ ದೊಡ್ಡದು ಬ್ಯಾಡ, ಸಣ್ಣ ಫೋನಿಗೆ ಆಗೂ ಹಂಗಿಪ್ಪದು ಕೊಡು" ಎಂದರು. ಅವರ ಕೀಪ್ಯಾಡ್ ಫೋನಿನ ಬ್ಯಾಟರಿ ಸಾವಿರ ಎಂಎಎಚ್‌ನದ್ದು. ಐದು ಸಾವಿರದ ಪುಟ್ಟದೊಂದು ಅವರಿಗೆ ವಾರಗಟ್ಟಲೆ ಸಾಕು. ಬೇಕಾದಷ್ಟೇ ಕೇಳುವ ಅವರಂಥ ಗಿರಾಕಿಗಳನ್ನು ಕಂಡರೆ ನನಗೆ ಖುಷಿ. ಆದರೆ ಇಲ್ಲೊಂದು ಸೂಕ್ಷ್ಮವಿದೆ. ತೀರಾ ಕಡಿಮೆ ಕರೆಂಟ್ ಎಳೆಯುವ ಸಾಧನ ಜೋಡಿಸಿದರೆ, ಏನೂ ಜೋಡಿಸಿಲ್ಲ ಎಂದುಕೊಂಡು ಪವರ್ ಬ್ಯಾಂಕ್ ತಾನೇ ಆಫ್ ಆಗುತ್ತದೆ. ಬ್ಲೂಟೂತ್ ಇಯರ್‌ಫೋನು, ಕೈಗಡಿಯಾರ, ಕೆಲವೊಮ್ಮೆ ಕೀಪ್ಯಾಡ್ ಫೋನು ತುಂಬುತ್ತ ಬಂದಾಗ ಹೀಗಾಗುತ್ತದೆ. ಹಲವು ಮಾದರಿಗಳಲ್ಲಿ ಗುಂಡಿಯನ್ನು ಎರಡು ಸಲ ಒತ್ತಿದರೆ ಕಡಿಮೆ ಕರೆಂಟಿನ ಮೋಡ್ ಬರುತ್ತದೆ. ಕೊಳ್ಳುವಾಗಲೇ ಅಂಗಡಿಯವರಿಂದ ತೋರಿಸಿಕೊಳ್ಳಿ.

ಮೇಲೆ ಸೋಲಾರ್ ಪ್ಯಾನೆಲ್ ಇರುವ ಪವರ್ ಬ್ಯಾಂಕ್ ಬಗ್ಗೆ ರೈತರು ಆಸೆಯಿಂದ ಕೇಳುತ್ತಾರೆ. ಅಂಗೈ ಅಗಲದ ಆ ಪ್ಯಾನೆಲ್ ಸುಡುಬಿಸಿಲಿನಲ್ಲಿ ಒಂದು, ಒಂದೂವರೆ ವ್ಯಾಟ್ ಕೊಟ್ಟರೆ ಹೆಚ್ಚು. ಇಪ್ಪತ್ತು ಸಾವಿರದ್ದು ತುಂಬಲು ಐವತ್ತು ತಾಸಿಗೂ ಮೀರಿದ ಬಿಸಿಲು ಬೇಕು. ಬೇಕಾಗುವುದು ಮಳೆಗಾಲಕ್ಕೆ, ಆಗ ನಮ್ಮಲ್ಲಿ ಬಿಸಿಲೇ ಇಲ್ಲ. ಬೇಸಿಗೆಯಲ್ಲಿ ಅಂಗಳದಲ್ಲಿಟ್ಟರೆ ಸೆಲ್ ಕಾದು ಹಾಳಾಗುತ್ತದೆ. ಬೇಡವೇ ಬೇಡ. ಫೋನಿನ ಬೆನ್ನಿಗೆ ಅಯಸ್ಕಾಂತದಿಂದ ಅಂಟುವ ವೈರ್‌ಲೆಸ್ ಮಾದರಿಗಳೂ ಬಂದಿವೆ. ಕೇಬಲ್ ಇಲ್ಲದೆ ತುಂಬುವಾಗ ದೊಡ್ಡ ಪಾಲು ವಿದ್ಯುತ್ತು ಬಿಸಿಯಾಗಿಯೇ ಹೋಗುತ್ತದೆ. ದಿನಾ ಕರೆಂಟು ಇರುವ ಊರಿನವರು ಅನುಕೂಲಕ್ಕಾಗಿ ಇಟ್ಟುಕೊಳ್ಳಲಿ. ಒಂದೊಂದು ವ್ಯಾಟ್ ಉಳಿಸಬೇಕಾದ ಮನೆಗೆ ಅದು ಸರಿಹೋಗದು.

ಹಳ್ಳಿಯಿಂದಲೇ ಕಂಪನಿ ಕೆಲಸ ಮಾಡುವ ಹುಡುಗ ಹುಡುಗಿಯರು ಈಗ ನಮ್ಮ ಕಡೆ ಅನೇಕರಿದ್ದಾರೆ. ಅವರು ಕೇಳುವುದು ವೈಫೈ ರೂಟರಿಗೆ ಪವರ್ ಬ್ಯಾಂಕ್ ಆಗುತ್ತದೆಯೇ ಎಂದು. ಆಗುತ್ತದೆ. ಹೆಚ್ಚಿನ ರೂಟರುಗಳಿಗೆ 12 ವೋಲ್ಟ್ ಬೇಕು, ಅದಕ್ಕೆ ವೋಲ್ಟೇಜ್ ಏರಿಸುವ ಕೇಬಲ್ಲು ಸಿಗುತ್ತದೆ. ರೂಟರು ಏಳು ವ್ಯಾಟ್ ತಿನ್ನುತ್ತದೆ ಎಂದಿಟ್ಟುಕೊಂಡರೆ ಇಪ್ಪತ್ತು ಸಾವಿರದ್ದು ಎಂಟು ತಾಸು ನಡೆಸುತ್ತದೆ. ಆದರೆ ಎಲ್ಲ ಪವರ್ ಬ್ಯಾಂಕೂ ಒಂದು ಕಡೆ ತುಂಬಿಕೊಳ್ಳುತ್ತ ಇನ್ನೊಂದು ಕಡೆ ಕೊಡುವುದಿಲ್ಲ, ಕೊಟ್ಟರೂ ಕರೆಂಟು ಹೋದ ಕ್ಷಣ ಒಮ್ಮೆ ಮಿಣುಕಿ ರೂಟರು ಹೊಸದಾಗಿ ಶುರುವಾಗುತ್ತದೆ. ಸದಾ ಬೇಕೆನ್ನುವವರು ಅದಕ್ಕೆಂದೇ ಮಾಡಿದ ಮಿನಿ ಯುಪಿಎಸ್ ಕೊಳ್ಳುವುದು ಮೇಲು.

ಸುರಕ್ಷತೆಯ ಮಾತಿಗೆ ಬರುತ್ತೇನೆ. ಲಿಥಿಯಂ ಸೆಲ್‌ನ ಒಳಗೆ ಎರಡು ಪದರಗಳ ನಡುವೆ ಕೂದಲಿಗಿಂತ ತೆಳ್ಳಗಿನ ಒಂದು ಪ್ಲಾಸ್ಟಿಕ್ ಪೊರೆ ಇದೆ. ಅದು ಹರಿದು ಎರಡೂ ಪದರ ತಾಗಿದರೆ ಬಿಸಿ ಹುಟ್ಟುತ್ತದೆ, ಆ ಬಿಸಿ ಇನ್ನಷ್ಟು ಬಿಸಿಯನ್ನು ಹುಟ್ಟಿಸುತ್ತದೆ, ಒಳಗಿನ ದ್ರವ ಹೊತ್ತಿಕೊಳ್ಳುತ್ತದೆ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿತ್ತು. 170ಕ್ಕೂ ಹೆಚ್ಚು ಜನ ಜಾರುಬಂಡೆಯಿಂದ ಇಳಿದು ಬದುಕಿದರು. ಸೀಟಿನ ಮೇಲಿನ ಗೂಡಿನಲ್ಲಿದ್ದ ಪವರ್ ಬ್ಯಾಂಕಿನಿಂದ ಬೆಂಕಿ ಶುರುವಾಗಿರಬಹುದು ಎಂದು ತನಿಖೆ ಮಾಡಿದವರು ಹೇಳಿದರು. ಅದೇ ವರ್ಷ ಜೂನ್‌ನಲ್ಲಿ ಅಂಕರ್ ಎಂಬ ಹೆಸರಾಂತ ಕಂಪನಿ ಅಮೆರಿಕದಲ್ಲಿ ಮಾರಿದ್ದ ತನ್ನ ಒಂದು ಮಾದರಿಯ 11 ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕ್‌ಗಳನ್ನು ವಾಪಸ್ ಕರೆಯಿತು. ದೊಡ್ಡ ಹೆಸರಿನವರಿಗೂ ತಪ್ಪುತ್ತದೆ. ವ್ಯತ್ಯಾಸ ಇಷ್ಟೇ: ಹೆಸರಿರುವವರು ವಾಪಸ್ ಕರೆಯುತ್ತಾರೆ, ಜಾತ್ರೆಯಲ್ಲಿ ಮಾರಿದವನು ಮರುದಿನ ಅಲ್ಲಿರುವುದಿಲ್ಲ.

ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವಂತಿಲ್ಲ. 100 ವ್ಯಾಟ್ ಅವರ್‌ವರೆಗೆ ಅಡ್ಡಿಯಿಲ್ಲ, ಅದರ ಮೇಲೆ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಇನ್ನೂ ಮೇಲೆ ಒಯ್ಯುವ ಹಾಗೇ ಇಲ್ಲ. ಇಪ್ಪತ್ತು ಸಾವಿರದ್ದು 74 ಆದ್ದರಿಂದ ತೊಂದರೆಯಿಲ್ಲ. ಮೂವತ್ತು ಸಾವಿರದ್ದು 111 ಆಗುತ್ತದೆ, ಒಪ್ಪಿಗೆ ಇಲ್ಲದಿದ್ದರೆ ತಪಾಸಣೆಯಲ್ಲಿ ನಿಲ್ಲಿಸುತ್ತಾರೆ. ಮೈಮೇಲೆ ವ್ಯಾಟ್ ಅವರ್ ಅಳಿಸಿಹೋಗಿದ್ದರೂ ಕಿತ್ತುಕೊಳ್ಳಬಹುದು. ಹಾರಾಟದ ವೇಳೆ ಅದನ್ನು ಬಳಸಲು ಹಲವು ಕಂಪನಿಗಳು ಬಿಡುವುದಿಲ್ಲ, ಟಿಕೆಟ್ಟಿನ ಜೊತೆಗಿನ ಸೂಚನೆ ಓದಿಕೊಳ್ಳಿ.

ನಮ್ಮ ದೇಶದಲ್ಲಿ ಪವರ್ ಬ್ಯಾಂಕಿಗೆ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಎಲೆಕ್ಟ್ರಾನಿಕ್ ವಸ್ತುಗಳ ಕಡ್ಡಾಯ ನೋಂದಣಿಯ 2012ರ ಆದೇಶದ ಪಟ್ಟಿಗೆ 2014ರಲ್ಲಿ ಇದನ್ನು ಸೇರಿಸಿದರು. ನೋಂದಣಿಯಾದ ಪವರ್ ಬ್ಯಾಂಕಿನ ಮೇಲೆ ಬಿಐಎಸ್ ಗುರುತು, ಅದರ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ಸಂಖ್ಯೆ ಇರುತ್ತದೆ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಅದಕ್ಕೇ ಬಿಐಎಸ್ ಕೇರ್ ಎಂಬ ಸರಕಾರದ ಆ್ಯಪ್ ಇಳಿಸಿಕೊಂಡು ಆ ಸಂಖ್ಯೆ ಹಾಕಿ ನೋಡಿ. ಯಾವ ಕಾರ್ಖಾನೆ, ಯಾವ ಬ್ರ್ಯಾಂಡು, ಯಾವ ವಸ್ತು ಎಂದು ತೋರಿಸುತ್ತದೆ. ಪವರ್ ಬ್ಯಾಂಕಿನ ಸಂಖ್ಯೆ ಹಾಕಿದಾಗ ಬೇರೆ ಯಾವುದೋ ಕಂಪನಿಯ ಬೇರೆ ಸಾಮಾನು ಬಂದರೆ ಅಲ್ಲಿಗೆ ಮುಗಿಯಿತು. ಅಂಗಡಿಯಲ್ಲಿ ನಿಂತೇ ಮಾಡಬಹುದಾದ ಕೆಲಸ ಇದು, ಯಾವ ಪ್ರಾಮಾಣಿಕ ಅಂಗಡಿಯವನೂ ಬೇಸರ ಮಾಡಿಕೊಳ್ಳುವುದಿಲ್ಲ. ಹಾಗೆಯೇ ತಯಾರಾದ ತಿಂಗಳು ನೋಡಿ. ವರ್ಷಗಟ್ಟಲೆ ಗೋದಾಮಿನಲ್ಲಿ ಕೂತದ್ದು ಹೊಸದಾದರೂ ಹಳೆಯದೇ. ಬಿಲ್ಲು ಕೇಳಿ ಪಡೆಯಿರಿ, ವಾರಂಟಿ ಆರು ತಿಂಗಳೋ ವರ್ಷವೋ ಬರೆಸಿಕೊಳ್ಳಿ.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ ಮಾಡಿ. ಪವರ್ ಬ್ಯಾಂಕನ್ನು ಪೂರ್ತಿ ತುಂಬಿಸಿ. ಫೋನು ಶೇಕಡಾ ಇಪ್ಪತ್ತಕ್ಕೆ ಇಳಿದಾಗ ಜೋಡಿಸಿ ಎಂಬತ್ತಕ್ಕೆ ತೆಗೆಯಿರಿ. ಮತ್ತೆ ಇಳಿದಾಗ ಮತ್ತೆ ಹಾಗೇ. ಐದು ಸಾವಿರದ ಫೋನಿಗೆ ಹತ್ತು ಸಾವಿರದ್ದು ಸುಮಾರು ಎರಡೂವರೆ ಸಲ ಹೀಗೆ ಬಂದರೆ ಮಾಲು ಸರಿ. ಒಂದೇ ಸಲಕ್ಕೆ ಮುಗಿದರೆ ವಾರದೊಳಗೆ ವಾಪಸ್ ಒಯ್ಯಿರಿ.

ಮಳೆ ನಿಂತ ಮೇಲೆ ನಮ್ಮವರು ಅದನ್ನು ಕಪಾಟಿನಲ್ಲಿ ಹಾಕಿ ಮರೆಯುತ್ತಾರೆ. ಮುಂದಿನ ಮೇ ತಿಂಗಳಲ್ಲಿ ತೆಗೆದರೆ ಸತ್ತಿರುತ್ತದೆ. ಸುಮ್ಮನೆ ಇಟ್ಟರೂ ಸೆಲ್‌ನ ಚಾರ್ಜ್ ನಿಧಾನವಾಗಿ ಸೋರುತ್ತದೆ, ಒಂದು ಮಟ್ಟಕ್ಕಿಂತ ಕೆಳಗೆ ಹೋದರೆ ಏಳುವುದಿಲ್ಲ. ನಾನು ಎಲ್ಲರಿಗೂ ಹೇಳುವುದು: ದೀಪಾವಳಿಗೆ ಒಮ್ಮೆ, ಸಂಕ್ರಾಂತಿಗೆ ಒಮ್ಮೆ, ಯುಗಾದಿಗೆ ಒಮ್ಮೆ ಅರ್ಧಕ್ಕಿಂತ ತುಸು ಹೆಚ್ಚು ತುಂಬಿಸಿ ಇಡಿ. ಪೂರ್ತಿ ತುಂಬಿಸಿ ತಿಂಗಳುಗಟ್ಟಲೆ ಇಡುವುದೂ ಸೆಲ್‌ಗೆ ಒಳ್ಳೆಯದಲ್ಲ. ಒಲೆಯ ಹತ್ತಿರ, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬೇಡ. ದಿಂಬಿನಡಿ ಇಟ್ಟು ಚಾರ್ಜ್ ಮಾಡಲೇಬೇಡಿ. ಮಳೆಗಾಲದಲ್ಲಿ ಕರೆಂಟಿಲ್ಲದಾಗ ಸಿಗ್ನಲ್ಲೂ ಇಲ್ಲದಿದ್ದರೆ ಫೋನು ಟವರ್ ಹುಡುಕುತ್ತಲೇ ಬ್ಯಾಟರಿ ತಿನ್ನುತ್ತದೆ. ಆಗ ಏರೋಪ್ಲೇನ್ ಮೋಡ್‌ಗೆ ಹಾಕಿ, ತಾಸಿಗೊಮ್ಮೆ ತೆಗೆದು ನೋಡಿದರೆ ಪವರ್ ಬ್ಯಾಂಕು ಇನ್ನೊಂದು ದಿನ ಹೆಚ್ಚು ಬರುತ್ತದೆ.

ದಿನಾ ಬಳಸಿದರೆ ಎರಡು ಮೂರು ವರ್ಷಕ್ಕೆ ಪವರ್ ಬ್ಯಾಂಕ್ ಸೋಲುತ್ತದೆ. ಹೊಟ್ಟೆ ಊದಿಕೊಂಡಿದ್ದು ಕಂಡರೆ ಅಂದಿನಿಂದ ಚಾರ್ಜ್ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಅದನ್ನು ಬಚ್ಚಲೊಲೆಗೆ ಹಾಕಿದವರನ್ನೂ, ತೋಟದ ಗೊಬ್ಬರದ ಗುಂಡಿಗೆ ಎಸೆದವರನ್ನೂ ನಾನು ಕಂಡಿದ್ದೇನೆ. ಒಲೆಗೆ ಹಾಕಿದರೆ ಸಿಡಿಯುತ್ತದೆ, ಬರುವ ಹೊಗೆ ವಿಷ. ಮಣ್ಣಿಗೆ ಹಾಕಿದರೆ ಒಳಗಿನ ಲೋಹ, ರಾಸಾಯನಿಕ ನಾವು ಕುಡಿಯುವ ಬಾವಿಯ ಕಡೆಗೇ ಇಳಿಯುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಸತ್ತ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಿಸಿದವರದ್ದು. ನೀವು ಮಾಡಬೇಕಾದದ್ದು ಅದನ್ನು ಕೊಂಡ ಅಂಗಡಿಗೋ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೋ ಮುಟ್ಟಿಸುವುದು. ನನ್ನ ಅಂಗಡಿಯ ಹಿಂಬದಿಯಲ್ಲಿ ಮರಳು ತುಂಬಿದ ತಗಡಿನ ಡಬ್ಬ ಇಟ್ಟಿದ್ದೇನೆ. ಯಾವ ಕಂಪನಿಯದ್ದಾದರೂ ಸರಿ, ಎಲ್ಲಿ ಕೊಂಡದ್ದಾದರೂ ಸರಿ, ಪೇಟೆಗೆ ಬಂದಾಗ ತಂದು ಕೊಡಿ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.